ಬಿರುಕು ಬಿಟ್ಟ ಗೋಡೆಯ ಚೆಂದದ ಫೋಟೋ

೧೯೭೬ರ ಶ್ರಾವಣ ಮಾಸದ ಮಾತು. ಈಗಿನ ವಿಜಯಪುರವನ್ನು ಆಗ ನಾವೆಲ್ಲ ಬಿಜಾಪುರ ಎನ್ನುತ್ತಿದ್ದೆವು. ಇವರು ಬ್ಯಾಂಕಿಗೆ ಹೋದರೆಂದರೆ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ಅತ್ತೆಯವರು, ಇಬ್ಬರೇ. ನಾನು ಓದಿದ್ದು ಬೆಳಗಾವಿಯ ಒಂದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರ್‌ಗಳು ನಮಗೆ ಮೆಲ್ಲಗೆ ಮಾತನಾಡುವುದನ್ನು ಕಲಿಸಿದ್ದರು, ಹಾಳೆಯ ಸುತ್ತ ಒಂದೇ ಅಳತೆಯ ಅಂಚು ಬಿಟ್ಟು ಟೈಪ್ ಮಾಡುವುದನ್ನೂ ಕಲಿಸಿದ್ದರು. ಮೊದಲನೆಯ ವಿದ್ಯೆ ಸಂಸಾರದಲ್ಲಿ ದಿನವೂ ಉಪಯೋಗಕ್ಕೆ ಬಂತು. ಎರಡನೆಯದು ಬಂದದ್ದು ಒಂದೇ ಸಲ. ಆ ಒಂದು ಸಲವನ್ನು ನೆನೆದರೆ ಇವತ್ತಿಗೂ ನನಗೆ ತಲೆ ಬಿಸಿಯಾಗುತ್ತದೆ.

ಮದುವೆಯಲ್ಲಿ ಅಪ್ಪ ನನಗೊಂದು ಸಣ್ಣ ಇಂಗ್ಲಿಷ್ ಟೈಪ್‌ರೈಟರ್ ಕೊಟ್ಟಿದ್ದರು. ಅತ್ತೆಯವರು ಅದಕ್ಕೊಂದು ಕ್ರೋಶಾ ಬಟ್ಟೆ ಹೊದಿಸಿ, ಮೇಲೆ ಹಿತ್ತಾಳೆಯ ನವಿಲು ಇಟ್ಟಿದ್ದರು. ನನ್ನ ನಾದಿನಿ ಶಾಂತಾ ಒಂದು ಮಂಗಳವಾರ ಬಂದವಳೇ ನವಿಲನ್ನು ಎತ್ತಿ ಕಿಟಕಿಯಲ್ಲಿಟ್ಟಳು.

ಶಾಂತಾಳನ್ನು ತಿಕೋಟಾಕ್ಕೆ ಕೊಟ್ಟಿತ್ತು. ಅಲ್ಲಿ ಅವಳು ಚಿಕ್ಕ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಶಾಲೆ ಎಂದರೆ ಯಾರೋ ಬಿಟ್ಟುಹೋದ ಹಳೆಯ ವಾಡೆಯ ಒಂದು ಉದ್ದನೆಯ ಪಡಸಾಲೆ, ಅಷ್ಟೇ. ಅದರ ಮೂಡಣ ದಿಕ್ಕಿನ ಮಣ್ಣಿನ ಗೋಡೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಪ್ರತಿ ಮಳೆಗೂ ಸೀಳು ಅಗಲವಾಗುತ್ತಿತ್ತು. ಶಾಂತಾ ಬರೆದ ಅರ್ಜಿಗಳಿಗೆ ಉತ್ತರವೇ ಬಂದಿರಲಿಲ್ಲ. ಆ ವರ್ಷ ಊರಲ್ಲಿ ಹೊಸದಾಗಿ ಒಂದು ಸಮಾಜ ಮಂದಿರ ಕಟ್ಟಿದ್ದರು. ಕಲ್ಲಿನ ಗೋಡೆ, ಗಟ್ಟಿ ಮಾಳಿಗೆ. ಅದನ್ನು ಶಾಲೆಗೆ ಕೊಡಬೇಕೋ, ಗೊಬ್ಬರದ ಚೀಲ ಇಡುವುದಕ್ಕೆ ಕೊಡಬೇಕೋ ಎನ್ನುವುದು ಇನ್ನೂ ತೀರ್ಮಾನವಾಗಿರಲಿಲ್ಲ. ತೀರ್ಮಾನ ಮಾಡುವ ಸಾಹೇಬರು ಬರುವ ಸೋಮವಾರ ಬಬಲೇಶ್ವರಕ್ಕೆ ಬರುವವರಿದ್ದರು.

"ವೈನಿ, ಕೈಲೆ ಬರದ ಅರ್ಜಿ ಅವರು ಓದೂದ ಇಲ್ಲಂತ. ಅವರ ಗುಮಾಸ್ತ ಹೇಳ್ಯಾನ," ಎಂದಳು ಶಾಂತಾ. "ಇಂಗ್ಲಿಷಿನ್ಯಾಗ ಟೈಪ್ ಮಾಡಿರಬೇಕಂತ, ನಡುವ ಫೋಟೋ ಹಚ್ಚಿರಬೇಕಂತ, ಮೂರು ಪ್ರತಿ ಇರಬೇಕಂತ."

"ಫೋಟೋ ಯಾರದ?"

"ಗ್ವಾಡೀದು! ಮತ್ತ ನಂದೇನು?"

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಕೈಯಲ್ಲಿದ್ದ ಚಹಾ ಆರಿ ಕೆನೆ ಕಟ್ಟಿದ್ದರೂ ಕುಡಿದಿರಲಿಲ್ಲ. "ಶ್ರಾವಣ ಮುಗದು ಹುಬ್ಬಿ ಮಳಿ ಹಿಡೀತಂದ್ರ ಬಿಡೂದಿಲ್ಲ ವೈನಿ. ಗೊಬ್ಬರದ ಚೀಲ ತೊಯ್ದರ ಸರಕಾರ ಮತ್ತ ಕೊಡತೈತಿ. ಈ ಹುಡಗ್ಯಾರ ಮ್ಯಾಲ ಗ್ವಾಡಿ ಬಿದ್ದರ ಯಾರು ಕೊಡ್ತಾರ?"

ನಾನು ಟೈಪ್‌ರೈಟರಿನ ಕ್ರೋಶಾ ಬಟ್ಟೆ ತೆಗೆದೆ. ರಿಬ್ಬನ್ ಒಣಗಿದೆಯೇ ಎಂದು ನೋಡಿದೆ. ಒಣಗಿರಲಿಲ್ಲ.

ಗೋಳಗುಮ್ಮಟದ ಎದುರಿನ ರಸ್ತೆಯಲ್ಲಿ ಮಸ್ತಾನಸಾಬ್ ಎಂಬ ಹಿರಿಯರ ಫೋಟೋ ಸ್ಟುಡಿಯೋ ಇತ್ತು. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಗುಮ್ಮಟ ನೋಡಲು ಬಂದವರ ಫೋಟೋ, ಮದುವೆಗೆ ಬಂದ ಹುಡುಗಿಯರ ಫೋಟೋ, ಎಲ್ಲ ಅವರದೇ. ಅವರ ಕೈಯಲ್ಲಿ ಫೋಟೋ ತೆಗೆಸಿಕೊಂಡ ಯಾರೂ ಕೆಟ್ಟದಾಗಿ ಕಂಡದ್ದಿಲ್ಲ. ನಮ್ಮ ಮದುವೆಯ ಫೋಟೋದಲ್ಲಿ ಇವರ ಮುಂದಲೆಯಲ್ಲಿ ಎಷ್ಟು ಕೂದಲಿದೆಯೆಂದರೆ, ಅಷ್ಟು ಕೂದಲು ಇವರಿಗೆ ಹುಟ್ಟಿದಾಗಿನಿಂದ ಇದ್ದದ್ದೇ ಇಲ್ಲ ಎಂದು ಅತ್ತೆಯವರೇ ಹೇಳುತ್ತಿದ್ದರು. ಆಗಲೇ ನನಗೆ ಹೊಳೆಯಬೇಕಿತ್ತು.

ಮರುದಿನ ಬೆಳಗಿನ ಬಸ್ಸಿಗೆ ನಾವು ಮೂವರೂ ತಿಕೋಟಾಕ್ಕೆ ಹೊರಟೆವು. ಚಾಚಾ ತಮ್ಮ ಪೆಟ್ಟಿಗೆ ಕ್ಯಾಮೆರಾವನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡಿದ್ದರು. ಬಸ್ಸಿನ ಮೇಲೆ ಉದ್ದನೆಯದೊಂದು ಬಟ್ಟೆಯ ಸುರುಳಿಯನ್ನೂ ಹೇರಿಸಿದ್ದರು. ಅದೇನೆಂದು ಕೇಳಿದರೆ, "ನೋಡ್ತಿರ್ರಿ ಬಾಯಾರ," ಎಂದು ನಕ್ಕರು.

ಶಾಲೆ ಮುಟ್ಟಿದಾಗ ಹುಡುಗಿಯರೆಲ್ಲ ತಲೆಗೆ ಎಣ್ಣೆ ಹಚ್ಚಿ, ಕೆಂಪು ರಿಬ್ಬನ್ ಕಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದರು. ಎದುರು ಮನೆಯ ಮಲ್ಲಪ್ಪ ಮುತ್ಯಾ ಎಂಬ ಊರ ಹಿರಿಯರು ಇಸ್ತ್ರಿ ಮಾಡಿದ ರುಮಾಲು ಸುತ್ತಿಕೊಂಡು ಕುರ್ಚಿ ಹಾಕಿ ಕೂತಿದ್ದರು. ಚಾಚಾ ನೇರ ಒಳಗೆ ಹೋದರು. ನಾವು ಕೈಕಾಲು ತೊಳೆದು ಹೋಗುವಷ್ಟರಲ್ಲಿ ಗೋಡೆಗೆ ಮೊಳೆ ಹೊಡೆದು ಆ ಬಟ್ಟೆಯ ಸುರುಳಿಯನ್ನು ಬಿಚ್ಚಿ ತೂಗುಹಾಕಿದ್ದರು. ಅದು ಅವರ ಸ್ಟುಡಿಯೋದ ಪರದೆ. ಅದರಲ್ಲಿ ಒಂದು ಕೊಳ, ಕೊಳದಲ್ಲಿ ಕಮಲ, ಎರಡು ಹಂಸ, ಹಿಂದೊಂದು ಅರಮನೆಯ ಮೆಟ್ಟಿಲು. ಅದರ ಹಿಂದೆ ಎಲ್ಲೋ ನಮ್ಮ ಬಿರುಕು.

"ಯವ್ವಾ!" ಎಂದಳು ಶಾಂತಾ. "ಚಾಚಾ, ಅದನ್ನ ಮುಚ್ಚಿದ್ರೆಲ್ರಿ!"

"ಮುಚ್ಚದ ಏನ್ ಮಾಡ್ಲಿ ಅಕ್ಕೋರ? ಒಂದು ಬಾಗಿಲದಷ್ಟು ಬಾಯಿ ತಕ್ಕೊಂಡು ನಿಂತೈತಿ. ಫೋಟೋದಾಗ ಅದೊಂದ ಕಾಣತೈತಿ."

"ಅದೊಂದ ಕಾಣಬೇಕು!"

ಚಾಚಾ ನನ್ನ ಮುಖ ನೋಡಿದರು, ನಾನಾದರೂ ತಿಳಿದವಳಿರಬಹುದು ಎನ್ನುವಂತೆ. ಬಸ್ಸಿನಲ್ಲಿ ಬರುವಾಗ ಎರಡು ಸಲ ಹೇಳಿದ್ದೆ, ಗೋಡೆಯ ಫೋಟೋ ಬೇಕೆಂದು. ಗೋಡೆಯ ಎದುರು ನಿಲ್ಲುವವರ ಫೋಟೋ ಎಂದು ಅವರು ತಿಳಿದಿದ್ದರು. ಬರೀ ಗೋಡೆಯನ್ನು ಯಾರಾದರೂ ತೆಗೆಸುತ್ತಾರೆ ಎನ್ನುವುದು ಅವರ ಬುದ್ಧಿಗೆ ನಿಲುಕುವ ಸಂಗತಿಯೇ ಆಗಿರಲಿಲ್ಲ. ಮತ್ತೆ ಬಿಡಿಸಿ ಹೇಳಿದೆ. ಹಂಸಗಳನ್ನು ಸುತ್ತಿ ಕಟ್ಟುವಾಗ ಅವರ ಮುಖ ಸಣ್ಣದಾಗಿತ್ತು.

"ಬರೇ ಗ್ವಾಡಿ ನನ್ನ ಜನ್ಮದಾಗ ತಗದಿಲ್ರಿ. ಯಾರರೆ ಒಬ್ಬರು ನಿಂತ್ರ ಛಲೋ."

ಸರಿ, ಬಿರುಕು ಎಷ್ಟು ದೊಡ್ಡದೆಂದು ತಿಳಿಯಲು ಅನುಕೂಲವಾಗುತ್ತದೆ ಎಂದು ನಾನೇ ಶಾಂತಾಳನ್ನು ಪಕ್ಕಕ್ಕೆ ನಿಲ್ಲಿಸಿದೆ. ಅವಳು ಕೈಯಲ್ಲಿ ಕೋಲು ಹಿಡಿದು ಬಿರುಕು ತೋರಿಸುತ್ತ ನಿಂತಳು. ಚಾಚಾ ಕರಿಬಟ್ಟೆಯೊಳಗೆ ತಲೆ ತೂರಿಸಿದರು. ಒಳಗಿನಿಂದ ದನಿ ಬಂತು. "ಅಕ್ಕೋರ, ಸ್ವಲ್ಪ ನಗ್ರಿ."

"ಗ್ವಾಡಿ ಬೀಳಾಕತ್ತೈತಂತ ನಗಲೇನ್ರಿ?"

"ನಿಮ್ಮ ಮಾರಿ ಹಂಗಿಟ್ಕೊಂಡ್ರ ನೀವ ಬೀಳಸಾಕತ್ತೀರಿ ಅಂದಂಗ ಕಾಣತೈತ್ರಿ!"

ಅಂಗಳದಲ್ಲಿದ್ದ ಹುಡುಗಿಯರು ಗೊಳ್ಳೆಂದರು. ಮಲ್ಲಪ್ಪ ಮುತ್ಯಾ ಕುರ್ಚಿಯಿಂದಲೇ, "ಊರ ಮರ್ಯಾದಿ ತಗಿಯೂದಕ್ಕ ಫೋಟೋ ಬ್ಯಾರೆ ತಗಸಾಕತ್ತಾರ ನೋಡು," ಎಂದರು. ಶಾಂತಾ ಕೇಳಿಸಿಕೊಂಡಳು, ಆದರೆ ಕೋಲು ಇಳಿಸಲಿಲ್ಲ.

ಶುಕ್ರವಾರ ಸ್ಟುಡಿಯೋಗೆ ಹೋದೆ. ಚಾಚಾ ಲಕೋಟೆಯಿಂದ ಫೋಟೋ ತೆಗೆದು, ತಮ್ಮ ತೋಳಿನಿಂದ ಮೇಜು ಒರೆಸಿ, ಅದರ ಮೇಲಿಟ್ಟರು. ಅವರ ಮುಖದಲ್ಲಿ ಗೆಲುವಿತ್ತು.

ಫೋಟೋದಲ್ಲಿ ಶಾಂತಾ ನಿಂತಿದ್ದಳು. ಸೀರೆಯ ನೆರಿಗೆ ಒಂದೊಂದೂ ಸ್ಪಷ್ಟ. ಗದ್ದದ ಮೇಲಿದ್ದ ಮಚ್ಚೆ ಇರಲಿಲ್ಲ. ಕೋಲು ಹಿಡಿದು ಅವಳು ತೋರಿಸುತ್ತಿದ್ದ ಕಡೆ ಗೋಡೆ ನುಣ್ಣಗೆ, ಎಣ್ಣೆ ತಿಕ್ಕಿ ಮೀಯಿಸಿದ ಕೂಸಿನ ಬೆನ್ನಿನ ಹಾಗೆ ಇತ್ತು.

"ಚಾಚಾ, ಬಿರುಕು ಎಲ್ಲೈತ್ರಿ?"

"ತಗದೇನ್ರಿ."

"ತಗದೇನಂದ್ರ?"

"ಪೆನ್ಸಿಲ್ಲಿಲೆ ತುಂಬೇನಿ ಬಾಯಾರ. ನಿನ್ನೆಲ್ಲಾ ಅದ ಕೆಲಸ. ನನ್ನ ಕಣ್ಣು ಹೋದ್ವು. ಮಾರಿ ಮ್ಯಾಲಿನ ಕಲಿ ಆದ್ರ ಸಣ್ಣದಿರತೈತಿ, ಇದು ಮಾಳಿಗಿಂದ ನೆಲದ ಮಟಾ ಇತ್ತು!"

ಕಿಟಕಿಯ ಹತ್ತಿರ ಅವರದೊಂದು ಓರೆಯಾದ ಗಾಜಿನ ಹಲಗೆ ಇತ್ತು. ಅದರ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಅವರು ಜನರ ಸುಕ್ಕು, ಕಲೆ, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ತುಂಬಿಬಿಡುತ್ತಿದ್ದರು. ನೆಗೆಟಿವ್‌ನಲ್ಲಿ ತುಂಬಿದ್ದು ಫೋಟೋದಲ್ಲಿ ಮಾಯ. ಅದೇ ಅವರ ಸ್ಟುಡಿಯೋದ ಹೆಸರು, ಅದೇ ಅವರ ಅನ್ನ. ಊರಿಗೆಲ್ಲ ಮಾಡುವ ಉಪಕಾರವನ್ನು ಅವರು ನಮ್ಮ ಗೋಡೆಗೂ ಮಾಡಿದ್ದರು.

ನನಗೆ ಸಿಟ್ಟು ಬಂದರೆ ದನಿ ಇನ್ನೂ ಸಣ್ಣದಾಗುತ್ತದೆ. "ಚಾಚಾ, ನಮಗ ಬೇಕಾಗಿದ್ದ ಬಿರುಕು," ಎಂದೆ.

"ಮಾರಿ ಮ್ಯಾಲಿನ ಸಿಡುಬಿನ ಕಲಿ ತಗೀರಿ ಅಂತ ಮಂದಿ ಬರ್ತಾರ. ಕಲಿ ಬೇಕು ಅಂತ ಬಂದಾವರು ನೀವ ಮೊದಲನೇದವ್ರು," ಎಂದು ಅವರು ಫೋಟೋವನ್ನು ಮತ್ತೆ ಲಕೋಟೆಗೆ ಹಾಕಿದರು. "ಆತು. ನಾಳಿ ಬರ್ರಿ. ಬಿರುಕು ಇಟ್ಟ ಕೊಡ್ತೀನಿ."

ಇಟ್ಟು ಕೊಡುತ್ತೇನೆ ಎಂದರೆ ಏನೆಂದು ಕೇಳಬೇಕಿತ್ತು. ಶನಿವಾರ ಹೋದರೆ ಅದೇ ನುಣುಪಾದ ಗೋಡೆಯ ಫೋಟೋದ ಮೇಲೆ ಚಾಚಾ ಕುಂಚದಿಂದ ಕರಿ ಬಣ್ಣದಲ್ಲಿ ಬಿರುಕು ಬರೆದಿಟ್ಟಿದ್ದರು! ಅದು ಎಡಕ್ಕೊಮ್ಮೆ ಬಳುಕಿ, ಬಲಕ್ಕೊಮ್ಮೆ ಬಳುಕಿ, ಶಾಂತಾಳ ಭುಜದ ಹತ್ತಿರ ಎರಡು ಕವಲಾಗಿ, ಒಂದೊಂದು ಕವಲಿನ ತುದಿಯಲ್ಲಿ ಸಣ್ಣದೊಂದು ಸುರುಳಿಯಾಗಿ ಮುಗಿದಿತ್ತು. ಹಳೆಯ ಮಸೀದಿಗಳ ಕಮಾನಿನಲ್ಲಿ ಇಂಥ ಕೆತ್ತನೆ ನೋಡಿದ್ದೇನೆ.

"ಇದು ಬಿರುಕಲ್ರೀ ಚಾಚಾ, ಬಳ್ಳಿ."

"ಚಂದ ಐತೆಲ್ರಿ?"

"ಚಂದ ಬ್ಯಾಡ್ರೀ!"

ನನ್ನ ದನಿ ರಸ್ತೆಗೆ ಕೇಳಿಸಿತು. ಕಡಲೆಕಾಯಿ ಮಾರುವವಳು ತಿರುಗಿ ನೋಡಿದಳು. ಸಿಸ್ಟರ್‌ಗಳು ಅಲ್ಲಿದ್ದಿದ್ದರೆ ನನ್ನನ್ನು ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಚಾಚಾ ಹೆದರಲಿಲ್ಲ, ಆದರೆ ಬಹಳ ನೊಂದುಕೊಂಡರು. ಟರ್ಪೆಂಟೈನಿನಲ್ಲಿ ಹತ್ತಿ ಅದ್ದಿ, ನೆಗೆಟಿವ್ ಮೇಲಿನ ತಮ್ಮ ಪೆನ್ಸಿಲ್ ಕೆಲಸವನ್ನೆಲ್ಲ ಒರೆಸಿದರು. ಒರೆಸುತ್ತ, "ಫೋಟೋದ ಹಿಂದ ನನ್ನ ಅಂಗಡಿ ಶಿಕ್ಕಾ ಒತ್ತೂದಿಲ್ಲ. ಇದು ನಾ ತಗದದ್ದಂತ ಯಾರಿಗೂ ಹೇಳಬ್ಯಾಡ್ರಿ," ಎಂದರು.

ಕತ್ತಲೆ ಕೋಣೆಯಿಂದ ಒದ್ದೆ ಫೋಟೋ ಹೊರಬಂತು. ಬಿರುಕು ಇದ್ದ ಹಾಗೇ ಇತ್ತು, ಕಪ್ಪಗೆ, ನೇರವಾಗಿ. ನಿಟ್ಟುಸಿರು ಬಿಟ್ಟೆ. ಆದರೆ ಎರಡು ಪ್ರತಿಯಾಗುತ್ತಲೇ ಚಾಚಾ ಕೈ ಒರೆಸಿಕೊಂಡರು. ಫೋಟೋದ ಕಾಗದ ಮುಗಿದಿತ್ತು. ಹೊಸ ಕಟ್ಟು ಸೊಲ್ಲಾಪುರದಿಂದ ಬರಬೇಕು, ಅದು ಬರುವುದು ಬರುವ ವಾರ. ನಮಗೆ ಬೇಕಾದದ್ದು ಮೂರು. ಕೊನೆಗೆ, ಮೂರನೆಯ ಪ್ರತಿ ಹೇಗೂ ಶಾಲೆಯಲ್ಲೇ ಉಳಿಯುವುದು, ಅದಕ್ಕೆ ಆ ಬಳ್ಳಿಯ ಫೋಟೋವೇ ಇರಲಿ ಎಂದುಕೊಂಡು ಮೂರನ್ನೂ ತಂದೆ.

ರವಿವಾರ ಟೈಪಿಂಗ್. ಶಾಂತಾ ಕನ್ನಡದಲ್ಲಿ ಹೇಳುತ್ತ ಹೋದಳು, ನಾನು ಇಂಗ್ಲಿಷಿನಲ್ಲಿ ಬಡಿಯುತ್ತ ಹೋದೆ. ನಡುವೆ ಕಾರ್ಬನ್ ಇಟ್ಟು ಮೂರು ಹಾಳೆ ಒಟ್ಟಿಗೇ. ಫೋಟೋಗೆಂದು ಹಾಳೆಯ ಮಧ್ಯೆ ಜಾಗ ಬಿಟ್ಟಿದ್ದೆ. ಬಿಟ್ಟ ಜಾಗಕ್ಕಿಂತ ಫೋಟೋ ದೊಡ್ಡದಿತ್ತು. ಅಂಚು ಕತ್ತರಿಸಿದೆ. ಆಗಲೂ ಕೊನೆಯ ಸಾಲನ್ನು ಮುಚ್ಚುತ್ತಿತ್ತು. ಮತ್ತೆ ಮೊದಲಿನಿಂದ ಟೈಪ್ ಮಾಡಿದೆ. ಈ ಸಲ ಜಾಗ ಎಷ್ಟು ಹೆಚ್ಚಾಯಿತೆಂದರೆ, ಫೋಟೋ ಇಟ್ಟರೆ ಮೈದಾನದಲ್ಲಿ ಒಂಟಿ ಮೇಕೆ ನಿಂತಂತೆ ಕಂಡಿತು. ಮೂರನೆಯ ಸಲ ಸರಿಯಾಯಿತು.

ಅಂಟು ಮಾಡಿದವರು ಅತ್ತೆಯವರು, ಮೈದಾ ಹಿಟ್ಟು ಕುದಿಸಿ. ಅದು ಬಿಸಿಯಿತ್ತು, ತೆಳುವಾಗಿತ್ತು. ಮೊದಲ ಹಾಳೆಗೆ ಹಚ್ಚಿದ ಕೂಡಲೇ ಹಾಳೆ ಹಪ್ಪಳದಂತೆ ಮುದುರಿತು. ಮೇಲೆ ಅಡುಗೆಮನೆಯ ಮಣೆ, ಮಣೆಯ ಮೇಲೆ ಕಲ್ಲಿನ ಒರಳು ಇಟ್ಟು ಒಣಗಿಸಿದೆವು. ಅಷ್ಟರಲ್ಲಿ ನನಗೊಂದು ನೆನಪಾಯಿತು. ಫೋಟೋದ ಕೆಳಗೆ ಅದು ಯಾವ ಗೋಡೆ ಎಂದು ಬರೆಯುವುದೇ ಮರೆತುಹೋಗಿತ್ತು. ಕೈಯಿಂದ ಬರೆದಿದ್ದರೆ ಆಗುತ್ತಿತ್ತು. ಆದರೆ ಕೈಬರಹ ಸಾಹೇಬರಿಗೆ ಆಗುವುದಿಲ್ಲವಲ್ಲ! ಫೋಟೋ ಅಂಟಿಸಿದ್ದ ಇನ್ನೊಂದು ಹಾಳೆಯನ್ನೇ ಮತ್ತೆ ಟೈಪ್‌ರೈಟರಿಗೆ ಹಾಕಿ ಮೆಲ್ಲಗೆ ತಿರುಗಿಸಿದೆ. ಉರುಳೆಯ ಸುತ್ತ ಫೋಟೋ ಬಾಗಿತು. ಸಣ್ಣಗೆ ಚಟ್ ಚಟ್ ಎಂಬ ಸದ್ದು ಬಂತು. ಹೊರತೆಗೆದು ನೋಡಿದರೆ ಫೋಟೋದ ಮೇಲ್ಮೈಯೇ ಅಡ್ಡಡ್ಡ ಸೀಳಿತ್ತು. ಗೋಡೆಯಲ್ಲಿಲ್ಲದ ಬಿರುಕು ಈಗ ನಮ್ಮ ಶಾಂತಾಳ ಸೊಂಟದ ಮೇಲೆ, ಕುತ್ತಿಗೆಯ ಮೇಲೆ!

ನಾನು ಅಳುವುದೊಂದು ಬಾಕಿ. ಇವರು ಪೇಪರ್ ಓದುತ್ತ ಕೂತಿದ್ದವರು ಎದ್ದು ಬಂದು ನೋಡಿ, "ಫೋಟೋ ಯಾಕ ಬೇಕು? ಈಗ ನಿನ್ನ ಮಾರಿ ನೋಡಿದ್ರ ಸಾಕು, ಸಾಹೇಬ್ರು ಸಾಲಿ ಅಷ್ಟ ಅಲ್ಲ, ಊರ ಬರದ ಕೊಡ್ತಾರ," ಎಂದರು.

"ನೀ ಸುಮ್ಮ ಕೂಡು," ಎಂದರು ಅತ್ತೆಯವರು. "ಹುಡುಗಿ ಮುಂಜಾನಿಂದ ನೀರ ಕುಡದಿಲ್ಲ."

ಅಂತೂ ಮೂರು ಪ್ರತಿಯಾಯಿತು. ಒಂದರಲ್ಲಿ ಇದ್ದದ್ದು ಇದ್ದ ಹಾಗೆ, ಒಂದರಲ್ಲಿ ಇದ್ದದ್ದರ ಜೊತೆ ಟೈಪ್‌ರೈಟರ್ ಮಾಡಿದ್ದು, ಒಂದರಲ್ಲಿ ಚಾಚಾ ಅವರ ಬಳ್ಳಿ.

ಸೋಮವಾರ ಬಬಲೇಶ್ವರ. ಪ್ರವಾಸಿ ಮಂದಿರದ ಜಗುಲಿಯಲ್ಲಿ, ಸಮಾಜ ಮಂದಿರ ತಮಗೇ ಬೇಕೆಂದು ಬಂದ ಗೊಬ್ಬರದವರೂ ಕೂತಿದ್ದರು, ನಾವೂ ಕೂತೆವು. ನಮ್ಮ ಸರದಿ ಬಂದಾಗ ಗುಮಾಸ್ತ, ಮೂರರ ಮೇಲೂ ಮುದ್ರೆ ಬೀಳಬೇಕೆಂದು ಮೂರನ್ನೂ ತೆಗೆದುಕೊಂಡು ಸಾಹೇಬರ ಮುಂದೆ ಸಾಲಾಗಿ ಹರವಿಬಿಟ್ಟ. ಶಾಂತಾ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು.

ಸಾಹೇಬರು ಬೆಂಗಳೂರು ಕಡೆಯವರು, ಮಿತಭಾಷಿ. ಮೊದಲನೆಯದನ್ನು ನೋಡಿದರು. ಎರಡನೆಯದನ್ನು ನೋಡಿದರು. ಮೂರನೆಯದನ್ನು ನೋಡಿ ಕನ್ನಡಕ ತೆಗೆದರು.

"ಏನಮ್ಮಾ ಇದು? ಒಂದೇ ಗೋಡೆ, ಮೂರು ಥರ ಬಿರುಕು! ಇದು ಮನೇಲಿ ಬರೆದಿದ್ದು ಅಂತ ಕಾಣ್ತಾ ಇದೆಯಲ್ಲ."

"ಅದನ್ನ ಫೋಟೋ ತಗಿಯಾವ್ರು ಬರದಾರ್ರಿ," ಎಂದಳು ಶಾಂತಾ. "ಮೊದಲ ಇದ್ದದ್ದನ್ನ ಅವರ ತಗದಿದ್ರು. ಆಮ್ಯಾಲ ನಾವು ಬೇಕಂದೆವ್ರಿ."

ಸತ್ಯ ಹೇಳಿದಷ್ಟೂ ನಾವು ಹೆಚ್ಚು ಹೆಚ್ಚು ಕಳ್ಳರ ಹಾಗೆ ಕಾಣುತ್ತಿದ್ದೆವು. ಗೊಬ್ಬರದವರಲ್ಲೊಬ್ಬ ಬಾಗಿಲಲ್ಲಿ ಇಣುಕಿ, "ಇವರ ಸಾಲಿಯಾಗ ಚಿತ್ರಕಲಾ ಭಾಳ ಛಲೋ ಕಲಸ್ತಾರ್ರಿ ಸಾಹೇಬ್ರ," ಎಂದ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಅದು ಇನ್ನೂ ಕೆಟ್ಟದ್ದಾಗಿತ್ತು. ಅವರು ಮೂರು ಪ್ರತಿಗಳನ್ನೂ ಒಂದರ ಮೇಲೊಂದು ಜೋಡಿಸಿ ನಮ್ಮ ಕಡೆ ಸರಿಸಿದರು.

ಒಂದು ವಾರದಿಂದ ತಡೆದುಕೊಂಡಿದ್ದದ್ದು ಆಗ ಹೊರಗೆ ಬಂತು. "ಸಾಹೇಬರೇ, ಈ ಫೋಟೋ ಸುಟ್ಟುಬಿಡಿ. ನನಗೂ ಇವುಗಳ ಮುಖ ನೋಡಿ ಸಾಕಾಗಿದೆ. ನೀವೇ ಬಂದು ಗೋಡೆ ನೋಡಿ. ಗೋಡೆ ಗಟ್ಟಿಯಿದ್ದರೆ ಗೊಬ್ಬರದವರಿಗೇ ಕೊಡಿ," ಎಂದೆ.

ಸಾಹೇಬರು ನನ್ನನ್ನೂ, ನನ್ನ ಬೆರಳಿಗೆ ಮೆತ್ತಿದ ಕಾರ್ಬನ್ನಿನ ನೀಲಿಯನ್ನೂ ನೋಡಿದರು. "ನಾಳೆ ಕನಮಡಿಗೆ ಹೋಗೋದಿದೆ. ದಾರಿಯಲ್ಲಿ ತಿಕೋಟಾದಲ್ಲಿ ನಿಲ್ಲಿಸ್ತೀನಿ," ಎಂದರು.

ಆ ರಾತ್ರಿ ಶಾಂತಾಳ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಇಬ್ಬರೂ ಶಾಲೆಗೆ ಹೋಗಿ ನೋಡುತ್ತೇವೆ, ಬಾಗಿಲಿಗೆ ಮಾವಿನ ಎಲೆ, ಅಂಗಳಕ್ಕೆ ರಂಗೋಲಿ. ಒಳಗೆ ಮೂಡಣ ಗೋಡೆ ಫಳಫಳ ಹೊಳೆಯುತ್ತಿತ್ತು! ಸಾಹೇಬರು ಬರುತ್ತಾರೆಂದು ಸುದ್ದಿ ಹಬ್ಬಿದ್ದೇ ತಡ, ನಸುಕಿನಲ್ಲೇ ಮಲ್ಲಪ್ಪ ಮುತ್ಯಾ ನಾಲ್ಕು ಜನರನ್ನು ಹಚ್ಚಿ, ಬಿರುಕಿಗೆ ಮಣ್ಣು ಮೆತ್ತಿಸಿ, ಮೇಲೆ ಸುಣ್ಣ ಬಳಿಸಿದ್ದರು.

ಶಾಂತಾ ಹೊಸ್ತಿಲ ಮೇಲೆ ಕುಸಿದು ಕೂತಳು. "ಮುತ್ಯಾ, ಏನ್ ಮಾಡಿದ್ಯೋ ಯಪ್ಪಾ!"

"ಏನ್ ಮಾಡಿದೆ? ಮನಿಗೆ ಬೀಗರು ಬರ್ತಾರಂದ್ರ ಸಾರಿಸೂದಿಲ್ಲೇನು? ಅಷ್ಟು ದೊಡ್ಡ ಸಾಹೇಬ ಬರ್ತಾನ, ಹರಕ ಗ್ವಾಡಿ ತೋರಸೂಣೇನು? ನಾಳಿ ಬಬಲೇಶ್ವರದಾವ್ರು ಆಡಿಕೊಂಡು ನಕ್ಕಾರು!"

ನಾನು ಆ ಹಿರಿಯರನ್ನು ನೋಡಿದೆ. ಅವರ ಧೋತರಕ್ಕೆಲ್ಲ ಸುಣ್ಣ ಸಿಡಿದಿತ್ತು. ತಾವೇ ಕೈಹಾಕಿ ಮಾಡಿದ್ದರು. ಸಿಟ್ಟು ಮಾಡುವುದಾದರೂ ಯಾರ ಮೇಲೆ? ಪರದೆ ಕಟ್ಟಿದ್ದಾಯಿತು, ಪೆನ್ಸಿಲ್ ತುಂಬಿದ್ದಾಯಿತು, ಕುಂಚ ಆಡಿಸಿದ್ದಾಯಿತು, ಈಗ ಸುಣ್ಣ. ಈ ಜಿಲ್ಲೆಯಲ್ಲಿ ಆ ಬಿರುಕಿಗೆ ಬಿರುಕಾಗಿ ಇರುವ ಅವಕಾಶವನ್ನೇ ಯಾರೂ ಕೊಡುವವರಿರಲಿಲ್ಲ. ಕೆರೆಯಬೇಕೆಂದರೆ ಹೊತ್ತಿರಲಿಲ್ಲ. ಜೀಪಿನ ಸದ್ದು ಕೇಳಿಸಿತು.

ಸಾಹೇಬರು ಒಳಗೆ ಬಂದರು. ಮುತ್ಯಾ ಹಾರ ಹಾಕಿದರು. ಸಾಹೇಬರು ಗೋಡೆ ನೋಡಿದರು, ನಮ್ಮನ್ನು ನೋಡಿದರು. ಗೊಬ್ಬರದವರಿಗೆ ಕೊಡುವುದೆಂದು ಅವರ ಮುಖದಲ್ಲಿ ಬರೆದಿತ್ತು. ಶಾಂತಾಳ ಕಣ್ಣು ತುಂಬಿತ್ತು. ಆದರೂ ಶಾಲೆಯ ಹೊತ್ತಾಗಿತ್ತು. ಅವಳು ಅಭ್ಯಾಸಬಲದಿಂದ ಗಂಟೆ ಬಾರಿಸಿದಳು.

ಹುಡುಗಿಯರು ಒಳಗೆ ಬಂದು ಕೂತರು. ಅಷ್ಟು ಉದ್ದದ ಪಡಸಾಲೆಯಲ್ಲಿ ಅಷ್ಟೂ ಮಕ್ಕಳು ಪಡುವಣ ಗೋಡೆಗೆ ಒತ್ತಿಕೊಂಡು, ಒಬ್ಬರ ತೊಡೆಯ ಮೇಲೆ ಒಬ್ಬರ ಪಾಟಿಚೀಲ ಬರುವಂತೆ, ಕಾಲು ಮಡಚಲೂ ಜಾಗವಿಲ್ಲದೆ ಕೂತಿದ್ದರು. ಮೂಡಣ ಗೋಡೆಯ ಕಡೆ, ಅಷ್ಟು ಚೆಂದದ ಬಿಳಿ ಗೋಡೆಯ ಕೆಳಗೆ, ಅರ್ಧ ಪಡಸಾಲೆ ಖಾಲಿ. ಫೋಟೋ ತೆಗೆದ ದಿನ ಮಕ್ಕಳು ಅಂಗಳದಲ್ಲೇ ಇದ್ದರು. ಇದು ನಾನು ನೋಡಿಯೇ ಇರಲಿಲ್ಲ, ಟೈಪೂ ಮಾಡಿರಲಿಲ್ಲ.

"ಸಾಹೇಬರೇ, ಮಕ್ಕಳನ್ನು ನೋಡಿ," ಎಂದೆ.

ಅವರು ನೋಡಿದರು. ಮೊದಲ ಸಾಲಿನ ಒಂದು ಹುಡುಗಿಯನ್ನು ಕೇಳಿದರು. "ಯಾಕಮ್ಮಾ ಹಿಂಗೆ ಇಕ್ಕಟ್ಟಲ್ಲಿ ಕೂತಿದ್ದೀರಾ? ಆ ಕಡೆ ಜಾಗ ಇದೆಯಲ್ಲ, ಅಲ್ಲಿ ಕೂತ್ಕೊಳ್ಳಿ."

ಆ ಹುಡುಗಿ ಗೋಡೆಯನ್ನೊಮ್ಮೆ, ಶಾಂತಾಳನ್ನೊಮ್ಮೆ ನೋಡಿ, "ಅಲ್ಲಿ ಒಲ್ಲೆವ್ರಿ. ತಲೀ ಮ್ಯಾಲ ಮಣ್ಣ ಬೀಳತೈತ್ರಿ," ಎಂದಳು.

"ಈಗ ಸರಿ ಮಾಡಿದ್ದಾರಲ್ಲ?"

"ಸುಣ್ಣಾ ಹಚ್ಚ್ಯಾರ್ರಿ," ಎಂದಳು ಅವಳು, ಅಷ್ಟೂ ತಿಳಿಯುವುದಿಲ್ಲವೇ ಎನ್ನುವ ದನಿಯಲ್ಲಿ.

ಸಾಹೇಬರು ಗೋಡೆಯ ಹತ್ತಿರ ಹೋದರು. ಜೇಬಿನಿಂದ ಪೆನ್ನು ತೆಗೆದು ಹಸಿ ಸುಣ್ಣವನ್ನು ಮೆಲ್ಲಗೆ ಒತ್ತಿದರು. ಪೆನ್ನು ಒಳಗೆ ಹೋಯಿತು. ಆಮೇಲೆ ಬೆರಳು, ಆಮೇಲೆ ಅಂಗೈ. ಒಂದು ಹೆಂಟೆ ಹಸಿಮಣ್ಣು ಅವರ ಬೂಟಿನ ಮೇಲೆ ಬಿತ್ತು. ಸಂದಿಯಿಂದ ಬೆಳಕು ಬಂತು. ಆಚೆ ಕಡೆ ಕಟ್ಟಿದ್ದ ಯಾರದೋ ಮೇಕೆ ಆ ಸಂದಿಗೆ ಮೂತಿಯಿಟ್ಟು, ಸಾಹೇಬರ ಕೊರಳಿನ ಹಾರದ ಕಡೆ ನೋಡಿತು.

ಯಾರೂ ನಗಲಿಲ್ಲ. ಸಾಹೇಬರು ಕೈ ಹೊರಗೆ ತೆಗೆದು, "ಸಮಾಜ ಮಂದಿರದ ಕೀಲಿ ಯಾರ ಹತ್ತಿರ ಇದೆ?" ಎಂದರು.

ಕೀಲಿ ಮುತ್ಯಾನ ಸೊಂಟದಲ್ಲೇ ಇತ್ತು.

ಆ ಗಂಟೆಯಲ್ಲೇ ಮಕ್ಕಳು ಪಾಟಿ, ಕೂರುವ ತಟ್ಟು, ನೀರಿನ ಕೊಡ ಎಲ್ಲ ಹೊತ್ತುಕೊಂಡು ಹೊರಟರು. ಕರಿಹಲಗೆಯ ಒಂದು ಕಡೆ ಶಾಂತಾ, ಇನ್ನೊಂದು ಕಡೆ ನಾನು. ನಾನು ಮೂರು ಪ್ರತಿಗಳನ್ನು ಕೊಡಹೋದರೆ ಸಾಹೇಬರು ಕೈ ಮುಗಿದರು. "ಬೇಡಮ್ಮಾ. ನಾನೇ ಕಣ್ಣಾರೆ ನೋಡಿದೆ ಅಂತ ಎರಡು ಸಾಲು ಬರೀತೀನಿ. ಈ ಫೋಟೋ ನೋಡಿದರೆ ಮೇಲಿನವರು ನನ್ನನ್ನೇ ಪ್ರಶ್ನೆ ಕೇಳ್ತಾರೆ." ಒಂದು ವಾರದ ನನ್ನ ದುಡಿತ ಅಲ್ಲಿಗೆ ಮುಗಿಯಿತು. ಎರಡು ಸಾಲು, ಅದೂ ಕೈಬರಹದಲ್ಲಿ!

ಆ ವರ್ಷ ಹುಬ್ಬಿ ಮಳೆ ಜೋರಾಗಿಯೇ ಬಂತು. ಗೋಡೆ ಬೀಳಲಿಲ್ಲ. ದಸರೆ ಆಯಿತು, ದೀಪಾವಳಿ ಆಯಿತು, ಬೀಳಲಿಲ್ಲ. ನಾನು ತಿಕೋಟಾಕ್ಕೆ ಹೋದಾಗಲೆಲ್ಲ ಮುತ್ಯಾ ಕುರ್ಚಿಯಿಂದಲೇ, "ಏನ್ ತಂಗಿ, ನಿಮ್ಮ ಗ್ವಾಡಿ ನಿಂತ ಐತಿ ನೋಡವಾ! ನಮ್ಮ ಸುಣ್ಣದ ತಾಕತ್ತು!" ಎಂದು ಕಾಡುತ್ತಿದ್ದರು. ಗೊಬ್ಬರದವರಂತೂ ಶಾಂತಾ ಎದುರಾದರೆ ಕೆಮ್ಮುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ದೇವರ ಮುಂದೆ ಕೂತಾಗ, ಆ ಗೋಡೆ ಒಮ್ಮೆ ಬಿದ್ದುಬಿಡಲಿ ಎಂದು ಬೇಡಿಕೊಳ್ಳಬೇಕೆನಿಸಿ, ಛೇ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಶಾಂತಾ ಮಾತ್ರ, "ನಿಂತರ ನಿಲ್ಲಲಿ ಬಿಡ್ರಿ ವೈನಿ. ನನಗೀಗ ಪಾಠ ಹೇಳೂವಾಗ ಒಂದ ಕಣ್ಣ ಗ್ವಾಡಿ ಮ್ಯಾಲ ಇಡೂ ಕೆಲಸ ಇಲ್ಲ," ಎನ್ನುತ್ತಿದ್ದಳು.

ಮರುವರ್ಷ ಬೇಸಿಗೆ ಇನ್ನೂ ಶುರುವಾಗುತ್ತಿತ್ತು. ಒಂದು ಹನಿ ಮಳೆಯಿಲ್ಲ, ಗಾಳಿಯಿಲ್ಲ. ಹಾಡಹಗಲೇ, ಶಾಲೆ ನಡೆಯುವ ಹೊತ್ತಿನಲ್ಲಿ, ಆ ಗೋಡೆ ತನ್ನಷ್ಟಕ್ಕೆ ತಾನು ಬಿತ್ತು. ಅದರ ಜೊತೆಗೆ ಮಾಳಿಗೆಯೂ ಬಿತ್ತು. ಮಾಳಿಗೆ ಬೀಳಬಹುದೆಂದು ನಾವು ಯಾರೂ ಎಣಿಸಿರಲಿಲ್ಲ. ಪಡುವಣ ಗೋಡೆಗೆ ಒತ್ತಿಕೊಂಡು ಕೂತಿದ್ದರೂ ಮಕ್ಕಳಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ.

ಸುದ್ದಿ ಕೇಳಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಗೆದ್ದೆ ಎಂದೇನೂ ಅನಿಸಲಿಲ್ಲ. ಮೊರವನ್ನು ಕೆಳಗಿಟ್ಟೆ. ಇಂದಿಗೂ ಯಾರಾದರೂ, ದೊಡ್ಡವರು ಬರುತ್ತಾರೆ, ಎಲ್ಲ ಚೆಂದ ಮಾಡಿ ಎಂದರೆ ನನಗೆ ತಡೆಯಲಾಗದಷ್ಟು ಸಿಟ್ಟು ಬರುತ್ತದೆ. ಮನೆಯ ಕಿರಿಯರಿಗೆ ಅದು ಯಾಕೆಂದು ತಿಳಿಯುವುದಿಲ್ಲ.

ಆ ದಿನದ ಮಾತನ್ನು ಶಾಂತಾ ನನಗೆ ಆಮೇಲೆ ಹೇಳಿದಳು. ಸದ್ದು ಕೇಳಿ ಊರೆಲ್ಲ ವಾಡೆಯ ಕಡೆ ಓಡಿತಂತೆ. ಧೂಳು ಮುಗಿಲು ಮುಟ್ಟಿತ್ತಂತೆ. ಎಲ್ಲರಿಗಿಂತ ಮುಂದೆ ಓಡಿದವರು ಮುತ್ಯಾ, ರುಮಾಲು ಬಿಚ್ಚಿ ಹೋಗಿದ್ದರೂ ನೋಡದೆ. ಇವಳು ಓಡಲಿಲ್ಲ. ಸಮಾಜ ಮಂದಿರದ ಬಾಗಿಲು ಹಾಕಿ, ಬೆಳಿಗ್ಗೆ ಒಮ್ಮೆ ಕರೆದಿದ್ದ ಹಾಜರಿಯನ್ನೇ ಮತ್ತೆ ಕರೆಯತೊಡಗಿದಳಂತೆ. ಅಕ್ಕೋರಿಗೆ ಇವತ್ತು ಮರೆವು ಬಂದಿದೆ ಎಂದು ಹುಡುಗಿಯರು ಒಬ್ಬರನ್ನೊಬ್ಬರು ತಿವಿದು ಕಿಸಕ್ಕನೆ ನಗುತ್ತಿದ್ದರಂತೆ. ಇವಳು ನಿಲ್ಲಿಸಲಿಲ್ಲ. ಒಂದೊಂದೇ ಹೆಸರು ಕರೆದು, "ಹಾಜರ್ರೀ" ಎನ್ನುವುದನ್ನು ಕೇಳಿಸಿಕೊಂಡು, ಆ ಹುಡುಗಿಯ ಮುಖ ನೋಡಿ, ಆಮೇಲೆಯೇ ಮುಂದಿನ ಹೆಸರು ಕರೆದಳಂತೆ.